ದೀಪ ಕೊಡೋದಾ, ಲೈನಲ್ಲೇ ಪಾಲು ಕೊಡೋದಾ? ಕೆನಡಾದ ಮೂಲನಿವಾಸಿಗಳು, ಕರೆಂಟು, ಸರ್ಕಾರದ ದುಡ್ಡು

ಬಡಗಣ_ಗಾಳಿ · ಭಾನುವಾರ ರಾತ್ರಿ 9:40

ಹೋದ ವಾರ ಬೇರೆ ಎಳೆಯಲ್ಲಿ ಒಬ್ಬರು "ಕೆನಡಾ ಸರ್ಕಾರ ಫಸ್ಟ್ ನೇಷನ್ಸ್ ಜನಕ್ಕೆ ಸೋಲಾರು, ವಿಂಡು ಅಂತ ದುಡ್ಡು ಸುರೀತಾ ಇದೆ, ಎಲ್ಲಾ ನಮ್ಮ ಟ್ಯಾಕ್ಸು" ಅಂತ ಬರೆದಿದ್ರು. (ಫಸ್ಟ್ ನೇಷನ್ಸ್ ಅಂದ್ರೆ ಇಲ್ಲಿನ ಮೂಲನಿವಾಸಿ ಸಮುದಾಯಗಳು.) ಅಲ್ಲಿ ಉತ್ತರ ಕೊಟ್ಟಿದ್ರೆ ಜಗಳ ಆಗ್ತಿತ್ತು, ಅದಕ್ಕೇ ಹೊಸ ಎಳೆ ಶುರು ಮಾಡಿದ್ದೀನಿ.

ನಾನು ಹಾಸನದ ಕಡೆಯವನು. ಒಂಬತ್ತು ವರ್ಷದಿಂದ ಉತ್ತರ ಒಂಟಾರಿಯೋದ ಥಂಡರ್ ಬೇ ಊರಲ್ಲಿದ್ದೀನಿ, ಸಬ್‌ಸ್ಟೇಷನ್ ರಿಲೇ ಟೆಸ್ಟಿಂಗ್ ಕೆಲಸ. ಇಲ್ಲಿಂದ ಇನ್ನೂ ಉತ್ತರಕ್ಕೆ ರಸ್ತೆಯೇ ಇಲ್ಲದ ಊರುಗಳಿವೆ. ಚಳಿಗಾಲದಲ್ಲಿ ಕೆರೆ, ಜೌಗು ಎಲ್ಲಾ ಹೆಪ್ಪುಗಟ್ಟಿದ ಮೇಲೆ ಅದರ ಮೇಲೇ ರಸ್ತೆ ಮಾಡ್ತಾರೆ. ಡೀಸೆಲ್ ಟ್ಯಾಂಕರು, ಮನೆ ಕಟ್ಟೋ ಸಾಮಾನು, ಎಲ್ಲಾ ಆ ಎರಡು ತಿಂಗಳಲ್ಲೇ ಹೋಗಬೇಕು. ಮಂಜು ಬೇಗ ಕರಗಿದರೆ ಡೀಸೆಲ್ಲೂ ವಿಮಾನದಲ್ಲೇ.

ನಾನು ಮೊದಲನೇ ಸಲ ಅಂಥ ಒಂದು ಊರಿಗೆ ಹೋದದ್ದು ಫೆಬ್ರವರಿಯಲ್ಲಿ, ಒಂಬತ್ತು ಸೀಟಿನ ವಿಮಾನದಲ್ಲಿ. ಇಳಿದ ಕೂಡಲೇ ಕಿವಿಗೆ ಬಿದ್ದದ್ದು ಗುಂಯ್ ಅನ್ನೋ ಸದ್ದು. ಮದುವೆ ಮನೆ ಹಿಂದೆ ಜನರೇಟರ್ ಇಟ್ಟಿರ್ತಾರಲ್ಲ, ಹಾಗೆ. ಆದರೆ ಇದು ವರ್ಷಪೂರ್ತಿ, ಹಗಲು ರಾತ್ರಿ. ಪವರ್‌ಹೌಸ್ ಪಕ್ಕದ ಹಿಮ ಬೂದಿ ಬಣ್ಣಕ್ಕೆ ತಿರುಗಿತ್ತು. ಊರ ಕೊನೆಯಲ್ಲಿ ಸಾಲಾಗಿ ಹೊಸ ಮನೆಗಳು, ಬಣ್ಣ ಕೂಡ ಹೊಡೆದಾಗಿದೆ, ಒಳಗೆ ಯಾರೂ ಇಲ್ಲ. ಯಾಕೆ ಅಂದ್ರೆ ಜನರೇಟರು ತನ್ನ ಮಿತಿ ಮುಟ್ಟಿತ್ತು, ಹೊಸ ಕನೆಕ್ಷನ್ ಕೊಡೋ ಹಾಗಿರಲಿಲ್ಲ. ಅತ್ತ ಹಳೇ ಮನೆಗಳಲ್ಲಿ ಒಂದೊಂದರಲ್ಲಿ ಮೂರು ಸಂಸಾರ. ಹೊರಗೆ ಮೈನಸ್ 38.

ಆಮೇಲೆ ವಾಟೇನಿಕನೆಯಾಪ್ ಪವರ್ ಅನ್ನೋ ಪ್ರಾಜೆಕ್ಟ್ ಬಂತು. ಆ ಹೆಸರಿಗೆ ಅವರ ಭಾಷೆಯಲ್ಲಿ "ಬೆಳಕು ತರೋ ಗೆರೆ" ಅಂತ ಅರ್ಥ. ಸುಮಾರು 1,800 ಕಿಲೋಮೀಟರ್ ಟ್ರಾನ್ಸ್‌ಮಿಷನ್ ಲೈನು, 17 ಊರುಗಳಿಗೆ. ಪಿಕಾಂಜಿಕಮ್ ಅನ್ನೋ ಊರಿಗೆ 2018ರ ಡಿಸೆಂಬರಿನಲ್ಲಿ ಮೊದಲು ಕರೆಂಟು ಬಂತು, 2024ರ ಕೊನೆಗೆ ಕಟ್ಟೋ ಕೆಲಸ ಮುಗೀತು. ಕೇಂದ್ರ ಸರ್ಕಾರ 2018ರಲ್ಲಿ 160 ಕೋಟಿ ಡಾಲರ್ ಘೋಷಿಸಿತ್ತು. ಇಷ್ಟು ಎಲ್ಲರಿಗೂ ಗೊತ್ತಿರೋದು. ಆದರೆ ಆ ಲೈನಿನ 51 ಪರ್ಸೆಂಟ್ ಮಾಲೀಕತ್ವ 24 ಫಸ್ಟ್ ನೇಷನ್ಸ್ ಸಮುದಾಯಗಳದ್ದು, 49 ಫೋರ್ಟಿಸ್ ಅನ್ನೋ ವಿದ್ಯುತ್ ಕಂಪನಿ ಮತ್ತು ಇತರ ಖಾಸಗಿ ಹೂಡಿಕೆದಾರರದ್ದು. ಕಂಬ ಅವರದ್ದು, ತಂತಿ ಅವರದ್ದು. ನನ್ನ ಕೆಲಸದ ಬಿಲ್ ಪಾಸಾಗೋದೂ ಒಂದರ್ಥದಲ್ಲಿ ಅವರ ಕಂಪನಿಯಿಂದಲೇ.

ಸರ್ಕಾರದ ದುಡ್ಡು "ಪಾಪ, ದೀಪ ಇಟ್ಕೊಳ್ಳಿ" ಅಂತ ಹೋಗೋದಕ್ಕೂ, "ಮಾಲೀಕರಾಗಿ" ಅಂತ ಹೋಗೋದಕ್ಕೂ ಭೂಮಿ ಆಕಾಶದ ವ್ಯತ್ಯಾಸ ಇದೆ ಅನ್ನೋದು ನನ್ನ ಅಭಿಪ್ರಾಯ. ನಮ್ಮ ಕಡೆ ಎರಡನೇದು ಯಾಕೆ ಯೋಚನೆಗೂ ಬರಲ್ಲ? ಹೇಳಿ.

ಪ್ರಶ್ನಾರ್ಥಕ · ಭಾನುವಾರ ರಾತ್ರಿ 10:15

ಹೋದ ವಾರ ಬರೆದವನು ನಾನೇ. ಹೆಸರು ಹಾಕದೆ ಬಿಟ್ಟಿದ್ದಕ್ಕೆ ಥ್ಯಾಂಕ್ಸ್.

ನನ್ನ ಪ್ರಶ್ನೆ ಇಷ್ಟೇ. ಲೈನು ಲಾಭದ್ದಾದ್ರೆ ಬ್ಯಾಂಕ್ ಸಾಲ ಕೊಡುತ್ತೆ. ಬ್ಯಾಂಕ್ ಕೊಡಲ್ಲ ಅಂದ್ರೆ ಅದು ಲಾಭದ್ದಲ್ಲ. ನಡುವೆ ಸರ್ಕಾರ ಯಾಕೆ? ನಾನು ಬೆಂಗಳೂರಲ್ಲಿ ಸಣ್ಣ ವರ್ಕ್‌ಶಾಪ್ ನಡೆಸ್ತೀನಿ, ನನಗೆ ಯಾವ ಸರ್ಕಾರವೂ ಜಾಮೀನು ನಿಂತಿಲ್ಲ.

ಬರೀ_ಲೆಕ್ಕ · ಭಾನುವಾರ ರಾತ್ರಿ 11:02

ಟೊರೊಂಟೋದಿಂದ. ಅಕೌಂಟೆಂಟ್, ಹಾಗಾಗಿ ಇದು ನನ್ನ ಕ್ಷೇತ್ರ.

@ಪ್ರಶ್ನಾರ್ಥಕ, ನೀವು ವರ್ಕ್‌ಶಾಪ್‌ಗೆ ಸಾಲ ತಗೊಂಡಾಗ ಏನು ಅಡ ಇಟ್ರಿ? ಸೈಟೋ ಮನೆಯೋ ಇದ್ದಿರಬೇಕು. ಇಲ್ಲಿನ ಇಂಡಿಯನ್ ಆ್ಯಕ್ಟ್ ಅನ್ನೋ ಕಾನೂನಿನ 89ನೇ ಸೆಕ್ಷನ್ ಪ್ರಕಾರ ರಿಸರ್ವ್ (ಫಸ್ಟ್ ನೇಷನ್ಸ್‌ಗೆ ಮೀಸಲಿಟ್ಟ ಜಾಗ) ಒಳಗಿರೋ ಅವರ ಆಸ್ತಿಯನ್ನ ಹೊರಗಿನ ಬ್ಯಾಂಕು ಅಡಮಾನ ಮಾಡ್ಕೊಳ್ಳೋ ಹಾಗಿಲ್ಲ, ಜಪ್ತಿ ಮಾಡೋ ಹಾಗಿಲ್ಲ. ರಿಸರ್ವ್ ಭೂಮಿಯ ಒಡೆತನವೇ ಕಾಗದದ ಮೇಲೆ ರಾಜಪ್ರಭುತ್ವದ ಹೆಸರಲ್ಲಿದೆ. ಮೋಸದಿಂದ ಭೂಮಿ ಕಸಿದುಕೊಳ್ಳಬಾರದು ಅನ್ನೋ ರಕ್ಷಣೆಯೇ ಸಾಲದ ಬಾಗಿಲಿಗೆ ಬೀಗ ಹಾಕಿದೆ. ಅಂದ್ರೆ ಪ್ರಾಜೆಕ್ಟು ಚೆನ್ನಾಗಿದ್ರೂ ಸಮುದಾಯದ ಕೈಯಲ್ಲಿ ಅಡ ಇಡೋಕೆ ಏನೂ ಇಲ್ಲ.

ಈಗ ಲೆಕ್ಕ. ಇದು ಕಟ್ಟಿದ ಉದಾಹರಣೆ, ಯಾವ ನಿಜವಾದ ಪ್ರಾಜೆಕ್ಟೂ ಅಲ್ಲ. ಒಂದು ವಿಂಡ್ ಫಾರ್ಮ್‌ಗೆ 100 ಕೋಟಿ ಅಂದ್ಕೊಳ್ಳಿ. 70 ಕೋಟಿ ಪ್ರಾಜೆಕ್ಟ್ ಮೇಲೇ ಸಾಲ ಸಿಗುತ್ತೆ. ಉಳಿದ 30 ಮಾಲೀಕರು ಹಾಕಬೇಕು. ಅರ್ಧ ಪಾಲು ಬೇಕು ಅಂದ್ರೆ ಸಮುದಾಯ 15 ಕೋಟಿ ತರಬೇಕು. ಅಡ ಇಲ್ಲದೆ ಸಾಲ ಕೇಳಿದ್ರೆ ಬಡ್ಡಿ 11 ಪರ್ಸೆಂಟ್, ಪಾಲಿನಿಂದ ವರ್ಷಕ್ಕೆ ಬರೋದು 9 ಪರ್ಸೆಂಟ್ ಅಂತಿಟ್ಕೊಳ್ಳಿ. ಮಾಲೀಕರಾದ ಮೊದಲ ದಿನದಿಂದಲೇ ನಷ್ಟ. ಸರ್ಕಾರ ಜಾಮೀನು ನಿಂತು ಬಡ್ಡಿ 5ಕ್ಕೆ ಇಳಿದ್ರೆ ವರ್ಷಕ್ಕೆ 60 ಲಕ್ಷ ಕೈಯಲ್ಲಿ ಉಳಿಯುತ್ತೆ. ಸರ್ಕಾರದ ಜೇಬಿನಿಂದ ಒಂದು ಪೈಸೆ ಹೋಗಿಲ್ಲ, ಪ್ರಾಜೆಕ್ಟು ಮುಳುಗಿದ್ರೆ ಮಾತ್ರ ಹೋಗುತ್ತೆ.

ಒಂಟಾರಿಯೋ ಪ್ರಾಂತ್ಯ ಈ ಜಾಮೀನು ಯೋಜನೆಯನ್ನ 2009ರಲ್ಲೇ ಶುರು ಮಾಡಿತು, ಸಮುದಾಯ ಹಾಕೋ ಪಾಲಿನ 75 ಪರ್ಸೆಂಟ್‌ವರೆಗೆ ಜಾಮೀನು. ಕೇಂದ್ರ ಸರ್ಕಾರ ಎಚ್ಚೆತ್ತದ್ದು 2024ರ ಬಜೆಟ್ಟಿನಲ್ಲಿ, 500 ಕೋಟಿ ಡಾಲರ್. 2025ರಲ್ಲಿ ಅದನ್ನ ಸಾವಿರ ಕೋಟಿ ಮಾಡಿದ್ರು. "ಸುರೀತಾ ಇದೆ" ಅನ್ನೋ ಮೊತ್ತದಲ್ಲಿ ಇದೇ ದೊಡ್ಡದು, ಮತ್ತೆ ಇದು ಖರ್ಚಾದ ದುಡ್ಡಲ್ಲ.

ಹದಿಮೂರ್ಸಾವ್ರ_ಎಕ್ರೆ · ಸೋಮವಾರ ಬೆಳಿಗ್ಗೆ 7:20

ಅಡ ಇಡಂಗಿಲ್ಲ, ಮಾರಂಗಿಲ್ಲ ಅಂದ್ರೆ ನಮ್ ಪಿಟಿಸಿಎಲ್ ಕಾಯ್ದೆ ನೆಪ್ಪಾತದೆ. 1978ರದ್ದು. ದಲಿತ್ರಿಗೆ, ಗಿರಿಜನ್ರಿಗೆ ಮಂಜೂರಾದ ಜಮೀನು ಸರ್ಕಾರದ ಪರ್ಮಿಷನ್ ಇಲ್ದೆ ಮಾರಂಗಿಲ್ಲ. ಒಳ್ಳೇದ್ಕೇ ಮಾಡವ್ರೆ. ಆದ್ರೆ ಜಮೀನು ಉಳೀತದೆ, ಬಂಡ್ವಾಳ ಹುಟ್ಟಲ್ಲ.

ನಾನು ಪಾವಗಡ ತಾಲ್ಲೂಕು. ಹೆಸ್ರು ನೋಡಿದ್ರೆ ಗೊತ್ತಾಗ್ತದೆ. 13,000 ಎಕ್ರೆ ಸೋಲಾರ್ ಪಾರ್ಕು, ಐದು ಹಳ್ಳಿ, 2,050 ಮೆಗಾವ್ಯಾಟು. ಸರ್ಕಾರ ಜಮೀನು ಕೊಂಡ್ಕಳ್ಳಿಲ್ಲ, ಗುತ್ಗೆಗೆ ತಗಂಡ್ರು. ಎಕ್ರೆಗೆ ವರ್ಷಕ್ಕೆ 21,000, ಎರಡು ವರ್ಷಕ್ಕೊಂದ್ಸಲ 5 ಪರ್ಸೆಂಟ್ ಏರಿಕೆ. ಆಗ ಎಲ್ರೂ ಶಭಾಷ್ ಅಂದ್ರು, ನಾನೂ ಅಂದೆ. ಬರಗಾಲದ ಸೀಮೆ, ಸೇಂಗಾ ಹಾಕಿ ಬಿತ್ತಿದ್ ಬೀಜ ಕೂಡ ಬರ್ತಿರ್ಲಿಲ್ಲ.

ಲೆಕ್ಕದಣ್ಣ, ನೀವೇ ನೋಡಿ. ನಾಲ್ಕು ಸಲ ಏರಿದ್ರೆ 25,525 ಆತದೆ. ಎಂಟು ವರ್ಷದಾಗೆ. ಅದೇ ಎಂಟು ವರ್ಷದಾಗೆ ಹೆಣ್ಣಾಳಿನ ಕೂಲಿ ಎಷ್ಟಾತು, ಅಕ್ಕಿ ಎಷ್ಟಾತು? ಪಾಲಿದ್ದಿದ್ರೆ? ಆ ಮಾತೇ ಯಾರೂ ಆಡ್ಲಿಲ್ಲ. "ನಿಮ್ಮ ಜಮೀನು, ಅವ್ರ ಪ್ಯಾನೆಲ್ಲು, ಆದಾಯದಾಗೆ ಇಷ್ಟು ನಿಮ್ದು" ಅಂತ ಒಬ್ಬನಾದ್ರೂ ಮೀಟಿಂಗಿನಾಗೆ ಹೇಳಿದ್ರೆ ಕೇಳಿ.

ಇನ್ನೊಂದು, ಜಮೀನಿದ್ದೋನಿಗೆ ಬಾಡ್ಗೆ ಬಂತು. ಆ ಜಮೀನಿನಾಗೆ ಕಳೆ ಕೀಳೋ ಹೆಂಗಸ್ರಿಗೆ, ಕುರಿ ಮೇಯ್ಸೋರಿಗೆ ಏನು ಬಂತು? ಬೇಲಿ ಬಂತು. ನಮ್ಮನೇಲಿ ಕೆಲ್ಸ ಮಾಡ್ತಿದ್ದ ಅಜ್ಜಿ ಈಗ ಪ್ಯಾನೆಲ್ ಸಂದಿನಾಗೆ ಹುಲ್ಲು ಕೀಳೋ ದಿನಗೂಲಿ. ಅದೂ ಗುತ್ಗೆದಾರ ಕರೆದ್ರೆ.

ಖಡಕ್_ರೊಟ್ಟಿ · ಸೋಮವಾರ ಬೆಳಿಗ್ಗೆ 8:05

ಗದಗದಾಗೂ ಅದ ಕತಿ ನೋಡ್ರಿ. ಗುಡ್ಡದ ಮ್ಯಾಲೆ ಪಂಕಾ ತಿರಗತಾವ, ಕೆಳಗ ಊರಾಗ ಲೈನ್‌ಮನ್ ಫೋನ್ ಎತ್ತಂಗಿಲ್ಲ. ನಮ್ಮೂರಿನ ಪಾಲು ಏನಪಾ ಅಂದ್ರ ಇಬ್ಬರು ವಾಚ್‌ಮನ್, ಒಂದು ಗಣಪತಿ ಹಬ್ಬದ ಪಟ್ಟಿ. ಐವತ್ತೊಂದು ಪರ್ಸೆಂಟ್ ಅಂದಾಗ ನನಗ ನಗಿ ಬಂತು, ನಂಬಲಿಲ್ಲ. ಕಾಗದದ ಮ್ಯಾಲೆ ಐವತ್ತೊಂದು, ಖುರ್ಚಿ ಮ್ಯಾಲೆ ಕುಂತಾವ ಯಾರು?

ಹಿನ್ನೀರು · ಸೋಮವಾರ ಬೆಳಿಗ್ಗೆ 9:30

ಮೊದಲೇ ಹೇಳ್ತೇನೆ, "ದೀಪದ ಬುಡದಲ್ಲಿ ಕತ್ತಲೆ" ಅಂತ ಯಾರಾದ್ರೂ ಬರೆದ್ರೆ ಈ ಎಳೆಯಿಂದ ಎದ್ದು ಹೋಗ್ತೇನೆ. ಶರಾವತಿ ಮುಳುಗಡೆಯವರ ಸಭೆಗಳಲ್ಲಿ ಐವತ್ತು ವರ್ಷ ಕೇಳಿ ಸಾಕಾಗಿದೆ.

ನಾವು ಸಾಗರ ತಾಲ್ಲೂಕಿನವರು, ತುಮರಿ ಕಡೆ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಅಜ್ಜನ ಮನೆ, ತೋಟ ಎಲ್ಲ ನೀರಿನಡಿ. ಆ ನೀರಿನಿಂದ ಶರಾವತಿ ಪವರ್‌ಹೌಸಲ್ಲಿ 1,035 ಮೆಗಾವ್ಯಾಟ್. ಹಿನ್ನೀರಿನ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ದಶಕಗಳ ಕಾಲ ಚಿಮಣಿ ಎಣ್ಣೆಯೇ ಗತಿ. ಅಮ್ಮ ಎಸ್ಸೆಸ್ಸೆಲ್ಸಿ ಓದಿದ್ದು ಲಾಟೀನಿನಲ್ಲಿ, ಮುಂಬಾಗಿಲಲ್ಲಿ ಕೂತರೆ ಎದುರಿಗೆ ಕಾಣ್ತಿದ್ದದ್ದು ಆ ನೀರೇ. ಹಕ್ಕುಪತ್ರದ ಜಗಳ ಇವತ್ತಿಗೂ ಮುಗಿದಿಲ್ಲ. ಸೇತುವೆ ಬಂದದ್ದು 2025ರ ಜುಲೈಯಲ್ಲಿ.

ನಾವು ಬುಡಕಟ್ಟಿನವರಲ್ಲ, ಅವರ ನೋವು ನಮ್ಮದೇ ಅಂತ ಹೇಳೋ ಅಧಿಕಾರ ನನಗಿಲ್ಲ. ಆದ್ರೆ ಕೇಳಬೇಕು ಅನ್ನಿಸಿತು. ಅಲ್ಲಿ ಹಳೇ ಅಣೆಕಟ್ಟುಗಳಿಂದ ಮುಳುಗಿದ ಊರುಗಳಿಗೆ ಏನಾದ್ರೂ ಸಿಕ್ಕಿದೆಯಾ? ಹೊಸ ಸೋಲಾರಿಗೆ ಪಾಲು ಕೊಡೋದು ಸುಲಭ ಮಾರಾಯ್ರೆ. ಹಳೇ ಲೆಕ್ಕ?

ಬಡಗಣ_ಗಾಳಿ · ಸೋಮವಾರ ರಾತ್ರಿ 8:50

@ಹಿನ್ನೀರು, ನಿಮ್ಮ ಪ್ರಶ್ನೆಗೆ ಸರಿಯಾಗಿ ಹೊಂದೋ ಊರೊಂದು ನನ್ನ ಮನೆಯಿಂದ ಎರಡು ಗಂಟೆ ದಾರಿ. ನಿಪಿಗನ್ ಅನ್ನೋ ದೊಡ್ಡ ಕೆರೆಯ ಪಶ್ಚಿಮ ದಂಡೆಯಲ್ಲಿ ಗಲ್ ಬೇ ಫಸ್ಟ್ ನೇಷನ್. 1940ರ ದಶಕದಲ್ಲಿ ವಿದ್ಯುತ್ತಿಗಾಗಿ ಓಗೋಕಿ ನದಿಯನ್ನ ಈ ಕೆರೆಗೆ ತಿರುಗಿಸಿದ್ರು. ಕೆರೆ ಏರಿತು, ದಂಡೆಯ ಜಾಗ ನೀರಿಗೆ ಹೋಯ್ತು. ಕೆಳಗೆ ಪವರ್‌ಹೌಸುಗಳು ತಿರುಗಿದವು. ಗಲ್ ಬೇಗೆ ಮಾತ್ರ ಗ್ರಿಡ್ ಬರಲೇ ಇಲ್ಲ, ಊರು ಡೀಸೆಲ್ ಮೇಲೇ ಬದುಕಿತು.

ಹಳೇ ಅನ್ಯಾಯಕ್ಕೆ ಪ್ರಾಂತ್ಯದ ವಿದ್ಯುತ್ ಕಂಪನಿ ಒಂಟಾರಿಯೋ ಪವರ್ ಜನರೇಷನ್ ಜೊತೆ ಒಪ್ಪಂದ ಆಗಿ, ಅದರಿಂದ ಹುಟ್ಟಿದ ಮಾತುಕತೆಯಲ್ಲಿ 2019ರಲ್ಲಿ ಒಂದು ಸೋಲಾರ್ ಮತ್ತು ಬ್ಯಾಟರಿ ಮೈಕ್ರೋಗ್ರಿಡ್, ಅಂದ್ರೆ ಊರಿನದ್ದೇ ಸಣ್ಣ ಗ್ರಿಡ್ ಬಂತು. ಹೆಸರು ಗೀಜಿಸ್, ಅಂದ್ರೆ ಸೂರ್ಯ. 360 ಕಿಲೋವ್ಯಾಟ್, ಸಾವಿರಕ್ಕೂ ಹೆಚ್ಚು ಪ್ಯಾನೆಲ್, ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಲೀಟರ್ ಡೀಸೆಲ್ ಉಳಿತಾಯ. ಮಾಲೀಕರು ಊರಿನವರೇ. ಮುಳುಗಿದ ಜಾಗ ವಾಪಸ್ ಬಂತಾ? ಇಲ್ಲ. ಅದಕ್ಕೆ ಇದು ಸಮಾನಾನಾ? ನಾನು ಹೇಳೋಕೆ ಯಾರು.

@ಖಡಕ್_ರೊಟ್ಟಿ, ಖುರ್ಚಿ ಪ್ರಶ್ನೆ ಸರಿಯಾದದ್ದು. ಒಂದು ಮೀಟಿಂಗ್ ನೋಡಿದ್ದು ಹೇಳ್ತೀನಿ, ಊರು, ಕಂಪನಿ ಹೆಸರು ಬೇಡ. ಟೇಬಲ್ಲಿನ ಒಂದು ಕಡೆ ಡೆವಲಪರ್ ಪೈಕಿ ಏಳು ಜನ. ಲಾಯರು, ಫೈನಾನ್ಸು, ಪರಿಸರ, ಗ್ರಿಡ್ಡು, ಒಬ್ಬೊಬ್ಬರಿಗೂ ಒಂದೊಂದು ಲ್ಯಾಪ್‌ಟಾಪ್. ಇನ್ನೊಂದು ಕಡೆ ಬ್ಯಾಂಡ್ ಕೌನ್ಸಿಲ್ ಅಂದ್ರೆ ಸಮುದಾಯದ ಆಡಳಿತ ಮಂಡಳಿಯ ಒಬ್ಬ ಸದಸ್ಯ. ಆತ ಬೆಳಿಗ್ಗೆ ಸ್ಕೂಲ್ ಬಸ್ ಓಡಿಸಿ ಬಂದಿದ್ದ. ಮಧ್ಯದಲ್ಲಿ ಫೋನ್ ಬಂತು, ವಾಟರ್ ಪ್ಲಾಂಟಿನ ಪಂಪು ನಿಂತಿದೆ ಅಂತ. ಎದ್ದು ಹೋದ. ಇವರು ಅವನಿಗಾಗಿ ಕಾದರು, ಅಷ್ಟು ಸೌಜನ್ಯ ಇತ್ತು. ಆದರೆ ಅವನ ಮುಂದಿದ್ದ ಇನ್ನೂರು ಪುಟದ ಕರಡು ಒಪ್ಪಂದವನ್ನ ಅವನ ಪರವಾಗಿ ಓದಿದವರು ಯಾರೂ ಇರಲಿಲ್ಲ.

ಹಾಗಾಗಿ ಎಲ್ಲಕ್ಕಿಂತ ಚಿಕ್ಕ ದುಡ್ಡೇ ಎಲ್ಲಕ್ಕಿಂತ ಮುಖ್ಯ ಅಂತ ನಂಬಿದ್ದೀನಿ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 2010ರಿಂದ ಒಂದು ನಿಧಿ ಇದೆ, ಫಸ್ಟ್ ನೇಷನ್ಸ್ ಕ್ಲೀನ್ ಎನರ್ಜಿ ಬಿಸಿನೆಸ್ ಫಂಡ್. ಪ್ರಾಜೆಕ್ಟಿನಲ್ಲಿ ಪಾಲು ಕೊಳ್ಳೋಕೆ 5 ಲಕ್ಷ ಡಾಲರ್‌ವರೆಗೆ ಕೊಡ್ತಾರೆ. ಅದಕ್ಕೂ ಮೊದಲ ಹಂತಕ್ಕೆ, ಅಂದ್ರೆ ಲಾಯರ್ ಇಡೋಕೆ, ಗಾಳಿ ಎಷ್ಟಿದೆ ಅಳೆಯೋಕೆ, ಬೇರೆ ಊರಿಗೆ ಹೋಗಿ ನೋಡಿ ಬರೋಕೆ 50 ಸಾವಿರದವರೆಗೆ. ಆ 50 ಸಾವಿರ ಇದ್ದ ಊರಿನವನು ಸ್ಕೂಲ್ ಬಸ್ ಬಿಟ್ಟು ನೇರ ಬಂದು ಕೂತ್ರೂ ಪಕ್ಕದಲ್ಲಿ ಅವನ ಲಾಯರ್ ಇರ್ತಾನೆ.

ಇದರ ಫಲ ನಿಧಾನಕ್ಕೆ ಕಾಣ್ತಿದೆ. 2024ರಲ್ಲಿ ಅಲ್ಲಿನ ಬಿ.ಸಿ. ಹೈಡ್ರೋ ಅನ್ನೋ ಪ್ರಾಂತ್ಯದ ವಿದ್ಯುತ್ ಕಂಪನಿ ಹೊಸ ಕರೆಂಟಿಗೆ ಟೆಂಡರ್ ಕರೆದಾಗ ಕನಿಷ್ಠ 25 ಪರ್ಸೆಂಟ್ ಫಸ್ಟ್ ನೇಷನ್ಸ್ ಪಾಲು ಇರಲೇಬೇಕು ಅಂತ ಷರತ್ತು ಹಾಕಿತು. ಡಿಸೆಂಬರಿನಲ್ಲಿ ಘೋಷಿಸಿದ 9 ವಿಂಡ್ ಪ್ರಾಜೆಕ್ಟುಗಳಲ್ಲಿ ಅವರ ಪಾಲು 49ರಿಂದ 51. ಕೇಳಿದ್ದರ ಹೆಚ್ಚು ಕಡಿಮೆ ಎರಡರಷ್ಟು.

ಪ್ರಶ್ನಾರ್ಥಕ · ಸೋಮವಾರ ರಾತ್ರಿ 9:30

89ನೇ ಸೆಕ್ಷನ್ ಗೊತ್ತಿರಲಿಲ್ಲ. ಸರಿ, ಜಾಮೀನು ಒಪ್ತೀನಿ. ಆದರೆ ಪಾಲು ಅಂದ್ರೆ ಲಾಭ ಮಾತ್ರ ಅಲ್ಲ, ನಷ್ಟವೂ. ಮುಳುಗಿದ್ರೆ?

ಬರೀ_ಲೆಕ್ಕ · ಸೋಮವಾರ ರಾತ್ರಿ 10:10

ಮುಳುಗೋದಲ್ಲ, ಉಬ್ಬೋದು ಹೆಚ್ಚು ಅಪಾಯ. ಮ್ಯಾನಿಟೋಬಾದ ಕೀಯಾಸ್ಕ್ ಅಣೆಕಟ್ಟು ನೋಡಿ. 695 ಮೆಗಾವ್ಯಾಟ್, ಕ್ರೀ ಅನ್ನೋ ಮೂಲನಿವಾಸಿಗಳ ನಾಲ್ಕು ಸಮುದಾಯಗಳಿಗೆ 25 ಪರ್ಸೆಂಟ್‌ವರೆಗೆ ಪಾಲು ಕೊಳ್ಳೋ ಅವಕಾಶ. 650 ಕೋಟಿ ಡಾಲರ್ ಅಂತ ಶುರುವಾದದ್ದು 870 ಕೋಟಿಗೆ ಹೋಯ್ತು. ಖರ್ಚು ಉಬ್ಬಿದಷ್ಟೂ ಪಾಲುದಾರರ ಲಾಭ ಕರಗುತ್ತೆ. ದೊಡ್ಡ ಅಣೆಕಟ್ಟಿನಲ್ಲಿ ಪಾಲು ಅಂದ್ರೆ ನಾನು ಎರಡು ಸಲ ಯೋಚಿಸ್ತೀನಿ. ಟ್ರಾನ್ಸ್‌ಮಿಷನ್ ಲೈನು ಬೇರೆ, ಅದರ ಆದಾಯ ನಿಯಂತ್ರಣ ಮಂಡಳಿ ನಿಗದಿ ಮಾಡಿದ್ದು, ಹೆಚ್ಚು ಕಡಿಮೆ ಪೆನ್ಷನ್ ಇದ್ದ ಹಾಗೆ. ಸೋಲಾರು, ಬ್ಯಾಟರಿ ಕಟ್ಟೋಕೆ ವರ್ಷ ಎರಡು ವರ್ಷ ಸಾಕು, ಹಾಗಾಗಿ ಉಬ್ಬರವೂ ಕಡಿಮೆ. ನಮ್ಮ ಮನೆಯಿಂದ ಒಂದೂವರೆ ಗಂಟೆ ದೂರದಲ್ಲಿ ಒನೈಡಾ ಅಂತ ಬ್ಯಾಟರಿ ಘಟಕ ಇದೆ, 250 ಮೆಗಾವ್ಯಾಟ್, ನಾಲ್ಕು ಗಂಟೆ ಕೊಡುತ್ತೆ. ಸಿಕ್ಸ್ ನೇಷನ್ಸ್ ಅನ್ನೋ ಮೂಲನಿವಾಸಿ ಸಮುದಾಯದ ಅಭಿವೃದ್ಧಿ ನಿಗಮ ಅದರ ಪಾಲುದಾರ, ಸಾಲ ಕೊಟ್ಟದ್ದರಲ್ಲಿ ಕೆನಡಾ ಇನ್‌ಫ್ರಾಸ್ಟ್ರಕ್ಚರ್ ಬ್ಯಾಂಕ್ ಇದೆ. 2025ರ ಮೇ ತಿಂಗಳಲ್ಲಿ ಚಾಲೂ ಆಯ್ತು. ಮಕ್ಕಳನ್ನ ಕರ್ಕೊಂಡು ನೋಡೋಕೆ ಹೋಗಿದ್ದೆ, ಬಿಳಿ ಡಬ್ಬಗಳ ಸಾಲು ಬಿಟ್ರೆ ಏನೂ ಇಲ್ಲ. ಮಗಳು "ಇದಕ್ಕಾ ಬಂದಿದ್ದು" ಅಂದ್ಲು.

ಚಿನೂಕ್ · ಮಂಗಳವಾರ ಬೆಳಿಗ್ಗೆ 6:45

ಕ್ಯಾಲ್ಗರಿಯಿಂದ. ತೈಲದ ಸಂಬಳ ತಿನ್ನೋನು, ಬೈಯ್ಯೋದಿದ್ರೆ ಬೈಯ್ರಿ.

ಫೋರ್ಟ್ ಚಿಪೆವಯಾನ್ ಹೆಸರು ಯಾರೂ ಎತ್ತಲಿಲ್ಲ. ಆಲ್ಬರ್ಟಾದ ತೈಲ ಮರಳಿನ ಗಣಿಗಳ ಕೆಳಹರಿವಿನಲ್ಲಿರೋ ಊರು. ಪಕ್ಕದಲ್ಲೇ ಜಗತ್ತಿನ ದೊಡ್ಡ ತೈಲ ಉದ್ಯಮ, ಆದ್ರೆ ಊರಿನ ಕರೆಂಟಿಗೆ ಡೀಸೆಲ್ ಟ್ಯಾಂಕರು ಹಿಮದ ರಸ್ತೆಯಲ್ಲಿ ಬರಬೇಕು. ಅಲ್ಲಿನ ಎರಡು ಫಸ್ಟ್ ನೇಷನ್ಸ್ ಮತ್ತು ಮೇಟಿ (ಮೂಲನಿವಾಸಿ, ಯುರೋಪಿಯನ್ ಮಿಶ್ರ ಮೂಲದವರು) ಸಮುದಾಯ ಸೇರಿ ಥ್ರೀ ನೇಷನ್ಸ್ ಎನರ್ಜಿ ಅಂತ ಕಂಪನಿ ಮಾಡಿ 2020ರಲ್ಲಿ 2.2 ಮೆಗಾವ್ಯಾಟ್ ಸೋಲಾರ್ ಹಾಕಿದ್ರು. ಖರ್ಚು 78 ಲಕ್ಷ ಡಾಲರ್. ಕೇಂದ್ರ 45, ಪ್ರಾಂತ್ಯ 33. ಪೂರ್ತಿ ಸರ್ಕಾರದ್ದೇ, ಜಾಮೀನಲ್ಲ, ಅನುದಾನ. ಪಕ್ಕದ ವಿದ್ಯುತ್ ಕಂಪನಿಯ ಪ್ಯಾನೆಲ್ಲೂ ಸೇರಿ ವರ್ಷಕ್ಕೆ 8 ಲಕ್ಷ ಲೀಟರ್ ಡೀಸೆಲ್ ಕಡಿಮೆಯಾಯ್ತು, ಊರಿನ ಬಳಕೆಯ ಕಾಲು ಭಾಗ. ಮಾರಿದ ಕರೆಂಟಿನ ದುಡ್ಡು ಆ ಕಂಪನಿಗೇ.

ಅಂದ್ರೆ ಲೆಕ್ಕದವರೇ, ಜಾಮೀನು ಎಲ್ಲಾ ಕಡೆ ನಡೆಯಲ್ಲ. ದೊಡ್ಡ ಲೈನು, ದೊಡ್ಡ ಗಾಳಿ ಫಾರ್ಮು ಆದ್ರೆ ಜಾಮೀನು. ಸಾವಿರ ಜನರ ಊರಿಗೆ ಅನುದಾನವೇ ಬೇಕು.

ಇನ್ನೊಂದು ವಿಚಾರ ಕಹಿಯಾದದ್ದು. ಕೇಂದ್ರದ ಆ ಹೊಸ ಜಾಮೀನು ಯೋಜನೆಯ ಮೊದಲ ವ್ಯವಹಾರ ಯಾವುದು ಗೊತ್ತಾ? 2025ರ ಮೇ. ಬ್ರಿಟಿಷ್ ಕೊಲಂಬಿಯಾದ 36 ಫಸ್ಟ್ ನೇಷನ್ಸ್ ಎನ್‌ಬ್ರಿಜ್ ಅನ್ನೋ ಕಂಪನಿಯ ಗ್ಯಾಸ್ ಪೈಪ್‌ಲೈನಿನಲ್ಲಿ 12.5 ಪರ್ಸೆಂಟ್ ಕೊಂಡವು, 40 ಕೋಟಿ ಡಾಲರ್ ಜಾಮೀನು. ಸೋಲಾರೂ ಅಲ್ಲ, ಗಾಳಿಯೂ ಅಲ್ಲ.

ಖಡಕ್_ರೊಟ್ಟಿ · ಮಂಗಳವಾರ ಬೆಳಿಗ್ಗೆ 7:10

ಹಾ! ನಾ ಹೇಳಲಿಲ್ಲೇನ್ರಿ. ಸ್ವಚ್ಛ ಇಂಧನ ಅಂತ ಬೋರ್ಡ್ ಹಾಕಿ ಒಳಗ ಗ್ಯಾಸ್ ಮಾರೋದು.

ಬಡಗಣ_ಗಾಳಿ · ಮಂಗಳವಾರ ಬೆಳಿಗ್ಗೆ 7:55

ಬೋರ್ಡಿನ ಮೇಲೆ "ಸ್ವಚ್ಛ" ಅಂತ ಇರಲೇ ಇಲ್ಲ ಅನ್ನೋದು ನಿಜ. ಆ ಯೋಜನೆ ಯಾವುದೇ ವಲಯಕ್ಕೂ ಅನ್ವಯ. ಅದೇ ನನಗೂ ಕಿರಿಕಿರಿ. ಆದ್ರೆ ದಶಕಗಟ್ಟಲೆ ಬೇರೆಯವರು ಅವರ ನೆಲದ ಮೇಲೆ ಪೈಪು ಎಳೆದು ದುಡ್ಡು ಮಾಡಿದ ಮೇಲೆ, ಅವರು ಪಾಲು ಕೇಳೋ ದಿನವೇ ನಾವು "ಗ್ಯಾಸು ಒಳ್ಳೇದಲ್ಲ" ಅನ್ನೋದು ನನ್ನ ಬಾಯಲ್ಲಿ ಬರಲ್ಲ.

ಚಿನೂಕ್ · ಮಂಗಳವಾರ ಬೆಳಿಗ್ಗೆ 8:00

ನನ್ನ ಬಾಯಲ್ಲಂತೂ ಬರಲೇಬಾರದು.

ನಿರ್ವಾಹಕ · ಮಂಗಳವಾರ ಬೆಳಿಗ್ಗೆ 11:00

ಪೈಪ್‌ಲೈನ್ ರಾಜಕೀಯದ ಬಗ್ಗೆ ಬಂದ ಆರು ಪ್ರತಿಕ್ರಿಯೆ ಬೇರೆ ಎಳೆಗೆ ಸಾಗಿಸಿದ್ದೇನೆ. ಇಲ್ಲಿ ಕರೆಂಟು, ಸಮುದಾಯ, ದುಡ್ಡು ಇಷ್ಟೇ.

ಹಾಡಿ_ಮೇಷ್ಟ್ರು · ಮಂಗಳವಾರ ಸಂಜೆ 6:20

ಎರಡು ದಿನದಿಂದ ಓದ್ತಾ ಇದ್ದೆ. ಎಚ್.ಡಿ. ಕೋಟೆ ತಾಲ್ಲೂಕು, ಕಾಡಂಚಿನ ಒಂದು ಹಾಡೀಲಿ ಹನ್ನೆರಡು ವರ್ಷದಿಂದ ಪಾಠ ಮಾಡ್ತಿದ್ದೀನಿ. ಜೇನು ಕುರುಬರ ಮಕ್ಕಳು. ನಿಮ್ಮ ಕೋಟಿಗಳ ಮಧ್ಯೆ ನಮ್ಮ ಲೆಕ್ಕನೂ ಇರಲಿ.

ಕರ್ನಾಟಕದಲ್ಲಿ ಜೇನು ಕುರುಬ ಮತ್ತೆ ಕೊರಗ, ಈ ಎರಡು ಸಮುದಾಯವನ್ನ ಕೇಂದ್ರ ಸರ್ಕಾರ ವಿಶೇಷ ದುರ್ಬಲ ಬುಡಕಟ್ಟು ಅಂತ ಗುರುತಿಸಿದೆ. 2023ರ ನವೆಂಬರಲ್ಲಿ ಇಂಥ ಬುಡಕಟ್ಟುಗಳಿಗೆ ಅಂತ ಕೇಂದ್ರದ ಪಿಎಂ ಜನ್‌ಮನ್ ಯೋಜನೆ ಬಂತಲ್ಲ, ಅದರೊಳಗೆ ಒಂದು ಸೋಲಾರ್ ಸ್ಕೀಮು ಇದೆ, 515 ಕೋಟಿ ರೂಪಾಯಿ, ಇಡೀ ದೇಶಕ್ಕೆ. ಲೈನು ಎಳೆಯೋಕಾಗದ ಕಡೆ ಮನೆಗೆ 0.3 ಕಿಲೋವ್ಯಾಟಿನ ಒಂದು ಘಟಕ, 50,000 ರೂಪಾಯಿ ಮಿತಿ, ಒಂದು ಲಕ್ಷ ಮನೆ.

ಬರಲಿ, ಬೇಡ ಅನ್ನಲ್ಲ. ಸಾಯಂಕಾಲ ಏಳು ಗಂಟೆಗೆ ಆನೆ ಬಂದಿದ್ಯಾ ಅಂತ ಬಾಗಿಲು ತೆಗೆದು ನೋಡೋಕೆ ಒಂದು ಬಲ್ಬು ಇದ್ರೆ ಎಷ್ಟು ಧೈರ್ಯ ಅಂತ ಪಟ್ಟಣದೋರಿಗೆ ಹೇಳಿ ತಿಳಿಸೋಕಾಗಲ್ಲ. ಆದ್ರೆ ಈ ಹಾಡಿಗೆ ಸೋಲಾರ್ ಬಂದಿರೋದು ಇದೇ ಮೊದಲಲ್ಲ. ಹಿಂದೆ ಬೇರೆ ಬೇರೆಯವರು ಮೂರು ಸಲ ಕೊಟ್ಟಿದ್ದಾರೆ. ಫೋಟೋ ತೆಗೆಸ್ಕೊಂಡು ಹೋದ್ರು. ಎರಡು ಮಳೆಗಾಲಕ್ಕೆ ಬ್ಯಾಟರಿ ಸತ್ತೋಯ್ತು. ಪ್ಯಾನೆಲ್ ಇನ್ನೂ ಇದೆ, ಒಬ್ಬರ ಮನೇಲಿ ಅದರ ಮೇಲೆ ರಾಗಿ ಒಣಗಾಕ್ತಾರೆ, ಬೇಗ ಒಣಗುತ್ತೆ ಕನ.

ಯಾರು ರಿಪೇರಿ ಮಾಡ್ಬೇಕು ಅಂತ ಹಾಡಿಯೋರಿಗೆ ಗೊತ್ತಿಲ್ಲ, ಯಾಕಂದ್ರೆ ಅದು ಅವರದ್ದಲ್ಲ. "ಅವ್ರು ಕೊಟ್ಟಿದ್ದು, ಅವ್ರೇ ಬರ್ಬೇಕು" ಅಂತಾರೆ.

ಪಾಲು ಅನ್ನೋಕೆ ಮೊದಲು ಹಕ್ಕು ಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕು ಸಿಕ್ತು. ಹಕ್ಕು ಕೈಲಿದ್ದೋರು ಮೀಟಿಂಗಲ್ಲಿ ಕೂರೋ ರೀತಿನೇ ಬೇರೆ. ಅರಣ್ಯ ಹಕ್ಕು ಕಾಯ್ದೆಯಲ್ಲೇ ಕರೆಂಟ್ ಲೈನಿಗೆ ಒಂದು ಹೆಕ್ಟೇರಿಗಿಂತ ಕಮ್ಮಿ ಕಾಡು ಕೊಡೋಕೆ ಅವಕಾಶ ಇದೆ, ಗ್ರಾಮಸಭೆ ಒಪ್ಪಿದ್ರೆ. ಇದು ನನಗೆ ಗೊತ್ತಾಗಿದ್ದೇ ಮೂರು ವರ್ಷದ ಹಿಂದೆ. ಹಾಡಿಯೋರಿಗೆ ಯಾರು ಹೇಳ್ತಾರೆ? ಆ ಕೆನಡಾದ 50 ಸಾವಿರ ಡಾಲರ್ ಲಾಯರ್ ದುಡ್ಡು ಅಂದ್ರಲ್ಲ, ಅಲ್ಲಿ ನನ್ನ ಕಣ್ಣು ನಿಂತ್ಬಿಡ್ತು.

ಹದಿಮೂರ್ಸಾವ್ರ_ಎಕ್ರೆ · ಮಂಗಳವಾರ ರಾತ್ರಿ 8:15

ಮೇಷ್ಟ್ರೇ, ನಮ್ ಕಡೇಗೂ ಕಾನೂನಿನಾಗೆ ದಾರಿ ಐತೆ. ರೈತ್ರ ಸೋಲಾರಿಗೆ ಕೇಂದ್ರದ ಸ್ಕೀಮು ಪಿಎಂ ಕುಸುಮ್‌ದು ಎ ವಿಭಾಗ, 2019ರಿಂದ ಐತೆ. 500 ಕಿಲೋವ್ಯಾಟಿನಿಂದ 2 ಮೆಗಾವ್ಯಾಟು, ರೈತರ ಗುಂಪು, ಸಹಕಾರ ಸಂಘ, ಪಂಚಾಯ್ತಿ ಯಾರಾದ್ರೂ ಹಾಕಿ ಎಸ್ಕಾಂಗೆ ಮಾರಬೋದು. ನಾವು ಹನ್ನೊಂದು ಜನ ಸೇರಿ ವಿಚಾರಿಸಿದ್ವಿ. ಬ್ಯಾಂಕಿನೋರು ಮೊದ್ಲು ಕೇಳಿದ್ದೇ "ನಿಮ್ಮ ಕೈಯಿಂದ ಎಷ್ಟು ಹಾಕ್ತೀರಾ, ಅಡ ಏನು ಇಡ್ತೀರಾ". ಎದ್ದು ಬಂದ್ವಿ. ಆಚೆಗೆ ಬಂದು ಟೀ ಕುಡಿಯುವಾಗ ಒಬ್ಬ ಕಾರಿನಾಗೆ ಬಂದ, "ನೀವ್ಯಾಕೆ ತಲೆ ಕೆಡಿಸ್ಕಂತೀರಾ, ಜಾಗ ಬಾಡ್ಗೆಗೆ ಕೊಡ್ರಿ" ಅಂದ.

ಬರೀ_ಲೆಕ್ಕ · ಮಂಗಳವಾರ ರಾತ್ರಿ 9:00

ಆ ಟೀ ಅಂಗಡಿ ಹತ್ರನೇ ಜಾಮೀನು ನಿಲ್ಲೋನು ಬೇಕಿತ್ತು. ಕರ್ನಾಟಕಕ್ಕೆ ಇದು ಹೊಸದೇನಲ್ಲ. 1995ರಲ್ಲಿ ಹರೀಶ್ ಹಂದೆಯವರು ಸೆಲ್ಕೋ ಅನ್ನೋ ಸೋಲಾರ್ ಕಂಪನಿ ಶುರು ಮಾಡಿದಾಗ "ಬಡವರಿಗೆ ಸೋಲಾರ್ ಸಾಲ ಯಾರು ಕೊಡ್ತಾರೆ" ಅಂತ ನಕ್ಕಿದ್ದವರಿಗೆ ಗ್ರಾಮೀಣ ಬ್ಯಾಂಕುಗಳ ಮೂಲಕವೇ ಸಾಲ ಕೊಡಿಸಿ ತೋರಿಸಿದ್ರು. ಮನೆಗೆ ಆಗೋದು ಒಂದು ಮೆಗಾವ್ಯಾಟಿಗೆ ಆಗದೇ ಇರೋಕೆ ಲೆಕ್ಕದಲ್ಲಿ ಕಾರಣ ಇಲ್ಲ, ರಾಜಕೀಯದಲ್ಲಿ ಇರಬಹುದು.

ಮೇಷ್ಟ್ರು ಹೇಳಿದ 515 ಕೋಟಿ ಬಿಡಿಸಿ ನೋಡಿದೆ. ಲಕ್ಷ ಮನೆಗೆ 50 ಸಾವಿರದಂತೆ 500 ಕೋಟಿ. ಉಳಿದ 15 ಕೋಟಿ 1,500 ಬಹೂಪಯೋಗಿ ಕೇಂದ್ರಗಳಿಗೆ ತಲಾ ಒಂದು ಲಕ್ಷ. ಹಾಡಿಯವರು ಮುಂದೆ ಇದನ್ನ ತಾವೇ ನಡೆಸೋಕೆ, ಓಡಾಡೋಕೆ, ಲಾಯರ್ ಕೇಳೋಕೆ ಅಂತ ಬೇರೆ ಸಾಲು ಆ ಲೆಕ್ಕದಲ್ಲಿ ಇಲ್ಲ, ಕೂಡಿದ್ರೆ ಮುಗಿದೇ ಹೋಯ್ತು.

ಹಿನ್ನೀರು · ಮಂಗಳವಾರ ರಾತ್ರಿ 9:40

ಈಗ ಶರಾವತಿಯಲ್ಲೇ ಮತ್ತೆ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ (ನೀರನ್ನ ಮೇಲಕ್ಕೆ ಎತ್ತಿಟ್ಟು ಬೇಕಾದಾಗ ಬಿಟ್ಟು ಕರೆಂಟ್ ಮಾಡೋದು) ಮಾಡ್ತೇವೆ ಅಂತಿದ್ದಾರೆ. ನಾನು ವಿರೋಧಿಸೋರ ಪೈಕಿ, ಕಾಡಿನ ಕಾರಣಕ್ಕೆ. ಪಾಲು ಕೊಟ್ರೂ ವಿರೋಧಿಸ್ತೇನೆ. ಇದನ್ನೂ ಹೇಳಬೇಕು: "ಬೇಡ" ಅನ್ನೋ ಹಕ್ಕಿಲ್ಲದವನಿಗೆ ಪಾಲು ಅಂದ್ರೆ ಲಂಚ.

ಬಡಗಣ_ಗಾಳಿ · ಮಂಗಳವಾರ ರಾತ್ರಿ 10:30

@ಹಿನ್ನೀರು, ಇದಕ್ಕೆ ನನ್ನ ಹತ್ರ ಎದುರುತ್ತರ ಇಲ್ಲ. ಇಲ್ಲೂ ಅದೇ ಮಾತು ಹೇಳೋ ಹಿರಿಯರಿದ್ದಾರೆ.

ಮೇಷ್ಟ್ರೇ, ಆ ರಾಗಿ ಒಣಗಿಸೋ ಪ್ಯಾನೆಲ್ ಎಸೆಯೋಕೆ ಬಿಡಬೇಡಿ. ಪ್ಯಾನೆಲ್ ಇಪ್ಪತ್ತು ವರ್ಷ ಬಾಳುತ್ತೆ, ಸತ್ತಿರೋದು ಬ್ಯಾಟರಿ. ಬಿಸಿಲಲ್ಲಿಟ್ಟು ಮಲ್ಟಿಮೀಟರಲ್ಲಿ ವೋಲ್ಟ್ ನೋಡಿ. 12 ವೋಲ್ಟಿನ ಪ್ಯಾನೆಲ್ ಆಗಿದ್ರೆ ಸುಮಾರು 18ರಿಂದ 22 ತೋರಿಸಬೇಕು.

ಹಾಡಿ_ಮೇಷ್ಟ್ರು · ಬುಧವಾರ ಮಧ್ಯಾಹ್ನ 1:15

ಸ್ಕೂಲಿನ ಸೈನ್ಸ್ ಕಿಟ್ಟಲ್ಲಿ ಮಲ್ಟಿಮೀಟರ್ ಇತ್ತು. ಏಳನೇ ಕ್ಲಾಸಿನ ಇಬ್ಬರು ಹುಡುಗೀರನ್ನ ಕರ್ಕೊಂಡು ಮನೆ ಮನೆಗೆ ಹೋದೆ. ಹದಿನಾಲ್ಕು ಪ್ಯಾನೆಲ್. ಹನ್ನೊಂದರಲ್ಲಿ 19, 20 ಬರ್ತಿದೆ. ಎರಡರ ವೈರ್ ಇಲಿ ಕಡಿದಿದೆ, ಒಂದು ಒಡೆದಿದೆ. ರಾಗಿಯಮ್ಮನ ಪ್ಯಾನೆಲ್ 20.4, ರಾಗಿ ತೆಗಿಸೋಕೆ ಅರ್ಧ ಗಂಟೆ ಜಗಳ ಆಡ್ಬೇಕಾಯ್ತು.

ಹನ್ನೊಂದು ಬ್ಯಾಟರಿಗೆ ಎಷ್ಟಾಗುತ್ತೆ? ದುಡ್ಡು ಕೇಳ್ತಿಲ್ಲ, ಯಾರೂ ಕಳಿಸ್ಬೇಡಿ. ಶುಕ್ರವಾರ ಹಾಡೀಲಿ ಸಭೆ ಸೇರಿಸ್ತಿದ್ದೀವಿ, ತಿಂಗಳಿಗೆ ಮನೆಗೆಷ್ಟು ಹಾಕಿದ್ರೆ ಸಾಕು ಅಂತ ಅಲ್ಲಿ ಹೇಳ್ಬೇಕು.

ಬರೀ_ಲೆಕ್ಕ · ಬುಧವಾರ ಮಧ್ಯಾಹ್ನ 1:40

ಬ್ಯಾಟರಿ ಎಷ್ಟು ಆಂಪಿಯರ್ ಅವರ್‌ದು, ಹಾಡೀಲಿ ಒಟ್ಟು ಎಷ್ಟು ಮನೆ, ಇವೆರಡು ಬರೆಯಿರಿ. ಗುರುವಾರ ರಾತ್ರಿಯೊಳಗೆ ಪಟ್ಟಿ ಮಾಡಿ ಹಾಕ್ತೀನಿ.